ನನ್ನ ನಾಯಕಿಯ ಮರ್ಮ

ರಾಯದುರ್ಗದ ಆ ಜೀನ್ಸ್ ಹೊಲಿಗೆ ಶೆಡ್ಡಿನಲ್ಲಿ ಸೂಪರ್‌ಹೀರೊ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ. ಜಂಬದಿಂದಲೇ ಹೇಳುತ್ತಿದ್ದೇನೆ. ನಮ್ಮೂರು ರೊಳ್ಳದ ಕಡೆಯ ನನ್ನ ಓರಗೆಯವರೆಲ್ಲ ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರಿನ ಬಸ್ಸು ಹತ್ತಿದರೆ, ಚಿಕ್ಕಮ್ಮನ ಮನೆಯಿದೆ ಎಂಬ ಧೈರ್ಯಕ್ಕೆ ನಾನು ರಾಯದುರ್ಗಕ್ಕೆ ಬಂದೆ. ಅವಳ ಮನೆಯ ಟಿ.ವಿ.ಯಲ್ಲಿ ಭಾನುವಾರ ತೆಲುಗಿಗೆ ಡಬ್ ಆದ ಇಂಗ್ಲಿಷ್ ಸಿನಿಮಾ ಬರುತ್ತಿತ್ತು. ಹಾರುವವರು, ಗೋಡೆ ಒಡೆಯುವವರು, ಬೆಂಕಿ ಉಗುಳುವವರು. ನಾಲ್ಕಾರು ನೋಡುವಷ್ಟರಲ್ಲಿ ಎಲ್ಲವೂ ಒಂದೇ ಅಚ್ಚಿನವೆಂದು ನನಗೆ ಹೊಳೆದುಬಿಟ್ಟಿತು. ಯಾವುದೋ ಅನಾಹುತದಲ್ಲಿ ಶಕ್ತಿ ಬರಬೇಕು, ಅದನ್ನು ಮುಚ್ಚಿಡಲು ಮುಖವಾಡ ಬೇಕು, ಹೊಟ್ಟೆಪಾಡಿಗೆ ಸಾಧಾರಣ ನೌಕರಿ ಇರಬೇಕು, ಎದುರಿಗೆ ತಕ್ಕ ಖಳ ಇರಬೇಕು. ಉಳಿದದ್ದೆಲ್ಲ ಬಣ್ಣ.

ಕರೆಂಟ್ ಹೋದಾಗ ಶೆಡ್ಡಿನ ಮಿಷನ್‌ಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಆಗ ನಮ್ಮ ಆಟ ಶುರು. ಪ್ರತಿಯೊಬ್ಬರೂ ಒಂದು ವೇಷ ಕಟ್ಟಿಕೊಳ್ಳಬೇಕು, ಆ ವೇಷದ ಬಾಯಲ್ಲೇ ಮಾತಾಡಬೇಕು. ಆಟ ನಡೆಸುತ್ತಿದ್ದವರು ಒಬ್ಬ ಅಕ್ಕ. ಹೊಲಿದ ಪ್ಯಾಂಟುಗಳಲ್ಲಿ ಉಳಿದ ದಾರ ಕತ್ತರಿಸುವುದು ಅವರ ಕೆಲಸ. ಅವರ ಅಪ್ಪ ಬಯಲಾಟದಲ್ಲಿ ಸಾರಥಿಯಾಗಿದ್ದವರು. ವೇಷ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು ನೀವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು ಎಂದು ಕೇಳುತ್ತಾನಲ್ಲ, ಅಕ್ಕನೂ ಹಾಗೇ ನಮ್ಮನ್ನು ತಡೆದು ಕೇಳುತ್ತಿದ್ದರು. ಆಮೇಲೆ ಒಂದು ಸಂಕಟ ತಂದಿಡುತ್ತಿದ್ದರು. ಬಸ್ಸಿನ ಬ್ರೇಕ್ ಹೋಗಿದೆ, ಕೆರೆ ಕಟ್ಟೆ ಒಡೆದಿದೆ, ಈಗ ಏನು ಮಾಡುತ್ತೀ? ನಾವು ಉಪಾಯ ಹೇಳಿ ಪ್ಯಾಂಟಿನ ಗುಂಡಿಯೊಂದನ್ನು ಚಿಮ್ಮಬೇಕು. ಹೂವಿನ ಅಚ್ಚಿರುವ ಮುಖ ಮೇಲೆ ಬಿದ್ದರೆ ಗೆದ್ದಂತೆ.

ಮುಖವಾಡಕ್ಕೆ ನಾವು ಹುಡುಕಾಡಬೇಕಿರಲಿಲ್ಲ. ನೀಲಿ ಧೂಳಿಗೆ ಹೆದರಿ ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಇರುತ್ತಿದ್ದೆವು. ಶಕ್ತಿಯ ವಿಷಯದಲ್ಲಿ ಮಾತ್ರ ಜಗಳ. ಜೇಬು ಹೊಲಿಯುವ ಹುಡುಗಿಯೊಬ್ಬಳು ಬೆಟ್ಟ ಎತ್ತುವ ಶಕ್ತಿ ಬೇಕು ಎಂದಾಗ ಅಕ್ಕ ಒಪ್ಪಲಿಲ್ಲ.

"ಆ ಕೆಲಸ ನಮ್ಮ ನೇಮಕಲ್ಲಿನ ದೇವರು ಸಂಜೀವಿನಿ ತರೂವಾಗ ಎಂದೋ ಮುಗಿಸ್ಯಾನ. ನೀ ಬ್ಯಾರೆ ಏನರ ಕೇಳವ್ವ."

ನನ್ನ ನಾಯಕಿಗೆ ಸಿಡಿಲು ಬಡಿದು ಶಕ್ತಿ ಬಂದಿತ್ತು. ಹಾರುತ್ತಿದ್ದಳು, ಕಬ್ಬಿಣ ಬಗ್ಗಿಸುತ್ತಿದ್ದಳು, ಗಾಯವೇ ಆಗುತ್ತಿರಲಿಲ್ಲ. ಅಕ್ಕ ಎಲ್ಲ ಕೇಳಿ, "ಇದಕ್ಕ ಮರ್ಮ ಎಲ್ಲೈತಿ?" ಎಂದರು. ಎಲ್ಲಿ ಪೆಟ್ಟು ಬಿದ್ದರೆ ವೇಷ ಕುಸಿಯುತ್ತದೋ ಅದು ಮರ್ಮ. ಆ ಸಿನಿಮಾಗಳಲ್ಲಿಯೂ ಪ್ರತಿ ಹೀರೊಗೆ ಅಂಥದೊಂದು ಇರುತ್ತಿತ್ತು. ನನಗದು ಗೊತ್ತಿದ್ದೂ ಬೇಕೆಂದೇ ಬಿಟ್ಟಿದ್ದೆ. ನನ್ನ ನಾಯಕಿಗೆ ಯಾಕೆ ಕುಂದು ಎಂದು ವಾದಿಸಿದೆ. "ಹಂಗಾದ್ರ ಆಕಿ ಕತಿ ಕೇಳಾಕ ನಾ ಒಲ್ಲೆ, ಗೆಲ್ಲೂದು ಮೊದ್ಲ ಗೊತ್ತೈತಲ್ಲ" ಎಂದು ಅವರು ಮುಂದಿನವಳ ಕಡೆ ತಿರುಗಿದರು. ನಾನು ಮುಖ ಊದಿಸಿಕೊಂಡು ಕೂತೆ.

ಆ ದಿನಗಳಲ್ಲಿ ನಾನು ಎರಡು ಸೂಜಿಯ ದೊಡ್ಡ ಮಿಷನ್ ನಡೆಸುತ್ತಿದ್ದೆ. ಪ್ಯಾಂಟಿನ ಎರಡು ಕಾಲನ್ನು ಒಳಗಡೆಯಿಂದ ಜೋಡಿಸುವ ಮಿಷನ್ ಅದು, ನಮ್ಮಲ್ಲಿ ಗಂಡಸರ ಪಾಲಿನದು. ಅದನ್ನು ನಡೆಸುತ್ತಿದ್ದವನು ಕೆಲಸ ಬಿಟ್ಟು ಹೋದಾಗ, ಅಲ್ಲಿಯವರೆಗೆ ದಾರ ಕತ್ತರಿಸುತ್ತಿದ್ದು, ಚಹಾದ ಹೊತ್ತಿನಲ್ಲಿ ನೋಡಿ ನೋಡಿ ಕಲಿತಿದ್ದ ನಾನು ಕೂತುಬಿಟ್ಟಿದ್ದೆ. ಶೆಡ್ಡಿನ ಮೇಸ್ತ್ರಿಯೂ ಬೇಡವೆನ್ನಲಿಲ್ಲ. ಬಟ್ಟೆ ದಪ್ಪವಿರುವ ಕಡೆ ಸೂಜಿ ತಡವರಿಸದಂತೆ ಸಾಗಿಸುವಾಗ ಆಗುವ ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಒಂದು ಸಂಜೆ ಮೇಸ್ತ್ರಿ ಬಂದು ಮೆತ್ತಗೆ ಹೇಳಿದರು. "ಸೋಮವಾರ ಹೊಸ ಟೈಲರ್ ಬರ್ತಾನ. ನೀನು ಮತ್ತ ದಾರ ಕತ್ತರ್ಸಾಕ ಕುಂದ್ರವ್ವ. ಹೆಣ್ಮಗಳು, ಯಾಕ ಕಷ್ಟ ಪಡ್ತಿ?"

"ಹೌದ್ರಿ" ಎಂದೆ.

ಅದು ಹೇಗೆ ಬಾಯಿಂದ ಬಂತೋ. ನಮ್ಮ ಕಡೆ ನಾವು 'ರಿ' ಹಚ್ಚಿ ಮಾತಾಡುವವರೇ ಅಲ್ಲ. ರಾಯದುರ್ಗಕ್ಕೆ ಬಂದ ಹೊಸದರಲ್ಲಿ ಒರಟಿ ಎಂದುಕೊಂಡಾರು ಎಂದು ಕಲಿತ ಮಾತು ಅದು. ಯಾರೇ ಏನೇ ಹೇಳಲಿ, ಅರ್ಥವಾಗುವ ಮೊದಲೇ ಹೌದ್ರಿ ಎನ್ನುವಷ್ಟು ಚೆನ್ನಾಗಿ ಕಲಿತಿದ್ದೆ. ಮನೆಗೆ ನಡೆದು ಹೋಗುವಾಗ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮರುದಿನ ಕರೆಂಟ್ ಹೋದಾಗ ಯಾರೂ ಕೇಳದೆಯೇ ನಾನು ಹೇಳಿದೆ. "ಅಕ್ಕ, ನನ್ನ ನಾಯಕಿಯ ಮರ್ಮ ಸಿಕ್ತು ಕಣಕ್ಕ. ಹೌದ್ರಿ ಅಂದೇಟಿಗೆ ಅವಳ ಶಕ್ತಿ ಪೂರಾ ಹೊಲ್ಟೋಗುತ್ತೆ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಮೇಸ್ತ್ರಿಯ ಮಾತು ಅವರ ಕಿವಿಗೂ ಬಿದ್ದಿತ್ತು. ಅಂದು ಖಳನ ವೇಷವನ್ನು ತಾವೇ ತೊಟ್ಟರು. ನಾನು ಕೂಗಾಡುವ, ಹಲ್ಲು ಕಡಿಯುವ ಖಳನನ್ನು ಕಾದಿದ್ದೆ. ಅಕ್ಕನ ಖಳ ಬೆಣ್ಣೆಯಂಥ ಮಾತಿನವನು. "ದಣಿದಿದ್ದಿ ಮಗಳ, ಆ ಸಿಡಿಲು ನನ್ನ ಕೈಯಾಗ ಕೊಡು, ನಿನ್ನ ಒಳ್ಳೇದಕ್ಕ ಹೇಳ್ತೀನಿ" ಎಂದ. ನನ್ನ ನಾಯಕಿ ಹೌದ್ರಿ ಎಂದು ನೆಲಕ್ಕೆ ಬಿದ್ದಳು. ಮತ್ತೆ ಎಬ್ಬಿಸಿದರು, ಮತ್ತೆ ಬಿದ್ದಳು. ನನಗೇ ನಾಚಿಕೆಯಾಗುವಷ್ಟು ಸಲ ಬಿದ್ದಳು. ಗುಂಡಿ ಚಿಮ್ಮಲು ಕೈ ಚಾಚಿದರೆ ಅಕ್ಕ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. "ಇದಕ್ಕ ಗುಂಡಿ ಇಲ್ಲ. ನಿನ್ನ ಬಾಯಿ ಐತಲ್ಲ" ಎಂದರು. ಕೊನೆಗೆ ಕರೆಂಟ್ ಬರುವ ಹೊತ್ತಿಗೆ ನನ್ನ ನಾಯಕಿ ಹೌದ್ರಿ ಎನ್ನದೆ ನಿಂತೇ ಇದ್ದಳು.

ಸೋಮವಾರ ಮೇಸ್ತ್ರಿ ಹೊಸ ಟೈಲರನ್ನು ಕರೆದುಕೊಂಡು ನನ್ನ ಮಿಷನ್ ಹತ್ತಿರ ಬಂದರು. "ಏಳವ್ವ" ಎಂದರು.

ನಾಲಿಗೆಯ ತುದಿಗೆ ಅದೇ ಮಾತು ಬಂತು. ನುಂಗಿಕೊಂಡೆ. ಬಂದದ್ದು ಊರಿನ ಮಾತು.

"ನಾನೇಳಲ್ಲ ಕಣಣ್ಣ. ನಾನು ಹೊಲ್ದಿರೋ ಕಾಲು ಒಂದಾದ್ರೂ ಬಿಚ್ಕೊಂಡು ವಾಪಸ್ ಬಂದೈತಾ, ನೀನೇ ಹೇಳಣ್ಣ. ಅವ್ರಿಗೆ ಬೇರೆ ಮಿಷನ್ ಕೊಡು."

ಶೆಡ್ಡಿನಲ್ಲಿ ಒಂದೊಂದೇ ಮಿಷನ್ ನಿಂತಿತು, ಕರೆಂಟ್ ಇದ್ದೂ. ಯಾರಾದರೂ ಮೇಸ್ತ್ರಿಗೆ ನೀನು ಎಂದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಅಣ್ಣ ಎಂದಮೇಲೆ ನೀನು ಎಂದೇ ಮಾತು, ಅದರಲ್ಲಿ ಅಗೌರವವಿಲ್ಲ. ಆದರೆ ಅದನ್ನು ಅವರಿಗೆ ವಿವರಿಸುವ ತಾಳ್ಮೆ ನನಗಿರಲಿಲ್ಲ. ಮೇಸ್ತ್ರಿ ಪಕ್ಕದಲ್ಲಿದ್ದ ಪ್ಯಾಂಟೊಂದನ್ನು ಎತ್ತಿಕೊಂಡು ಹೊಲಿಗೆಯ ಎರಡೂ ಬದಿ ಹಿಡಿದು ಜಗ್ಗಿದರು. ಇನ್ನೊಂದು ಎತ್ತಿಕೊಂಡು ಜಗ್ಗಿದರು. ಹೊಸ ಟೈಲರೇ ಬಾಯಿಬಿಟ್ಟ. "ನನಗ ಸೊಂಟಪಟ್ಟಿ ಮಿಷನ್ ಆದ್ರೂ ನಡಿತೈತ್ರಿ. ಇದು ಚೊಲೋನ ಹೊಲದಾಳ್ರಿ."

"ಆತು, ಕುಂದ್ರು" ಎಂದರು ಮೇಸ್ತ್ರಿ. ನಾನಾಗಲೇ ಕೂತೇ ಇದ್ದೆ. ಮುಂದಿನ ಪ್ಯಾಂಟನ್ನು ಸೂಜಿಯಡಿಗೆ ಎಳೆದುಕೊಂಡೆ. ಬದುಕಿನಲ್ಲಿ ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಲಿಲ್ಲ.

ಆಗ ಮೂಲೆಯಲ್ಲಿ ಪ್ಯಾಂಟಿನ ರಾಶಿಯ ನಡುವೆ ಕೂತಿದ್ದ ಅಕ್ಕ ಎದ್ದರು. ನಮಗೆಲ್ಲ ವೇಷ ಕಟ್ಟಿಸಿದವರು, ತಮಗೊಂದು ವೇಷ ಕೇಳಿದವರೇ ಅಲ್ಲ. ಸೀರೆಗೆ ಅಂಟಿದ ದಾರದ ತುಂಡುಗಳನ್ನು ಕೊಡವಿಕೊಂಡು ಮೇಸ್ತ್ರಿಯ ಮುಂದೆ ಬಂದು ನಿಂತರು.

"ನನಗೂ ಕಲಿಸ್ರಿ" ಎಂದರು. ಕತ್ತರಿಯನ್ನು ಮೇಸ್ತ್ರಿಯ ಕೈಯಲ್ಲಿಟ್ಟು, ಖಾಲಿಯಿದ್ದ ಮಿಷನ್ನಿನ ಮುಂದೆ ಹೋಗಿ ಕೂತರು.