ಎರಡನೇ ಈಡು

ಹಂದಿಗೆ ಲೆಕ್ಕ ಬರುತ್ತದೆ. ನಮ್ಮ ಹಳೆಯ ಕೇಪಿನ ಕೋವಿ ಒಂದು ಸಲ ಢಂ ಅಂದರೆ, ಮತ್ತೆ ಮದ್ದು ತುಂಬಿ ಜಡಿಯುವವರೆಗೆ ಪುರುಸೊತ್ತಿದೆ ಎಂದು ಅವಕ್ಕೆ ಗೊತ್ತಾಗಿಹೋಗಿತ್ತು. ಬೇಲಿಯ ಹತ್ತಿರ ಹೋಗಿ ನಿಂತು, ಸದ್ದಡಗಿದ ಮೇಲೆ ತಿರುಗಿ ಗದ್ದೆಗೆ ಇಳಿಯುತ್ತಿದ್ದವು. ಅದಕ್ಕೇ ಬಸರೀಕಟ್ಟೆ ಕಡೆಯ ಎಸ್ಟೇಟಿನವರೊಬ್ಬರು ಮಾರಿದ ಹಳೆ ರೈಫಲನ್ನು ನಾನು ಕೊಂಡೆ. ಲೈಸೆನ್ಸ್ ನನ್ನ ಹೆಸರಿಗೇ ಇದೆ. ಸಣ್ಣ ತೋಟಾದ ಕೋವಿ ಅದು. ಮ್ಯಾಗಜಿನ್ ತುಂಬಿಸಿಟ್ಟರೆ ಒಂದು ತೋಟಾ ಹಾರಿದ ಕೂಡಲೇ ಇನ್ನೊಂದು ತಾನಾಗಿ ನಳಿಗೆಗೆ ಏರಬೇಕು. ಹಂದಿ ಕೊಲ್ಲುವುದು ನನಗೆ ಬೇಕಿರಲಿಲ್ಲ. ಗದ್ದೆ ಅಂಚಿನ ದರೆಯ ಮಣ್ಣಿಗೆ ಒಂದರ ಹಿಂದೊಂದು ಈಡು ಹೊಡೆದು ಹೆದರಿಸಿದರೆ ಸಾಕಿತ್ತು.

ಗದ್ದೆ ನನಗೂ ಮೈದುನನಿಗೂ ಸೇರಿದ್ದು. ಹಿಂದಿನ ಎರಡು ವರ್ಷ ಭತ್ತ ಹಂದಿಗೆ, ಹುಲ್ಲು ನಮಗೆ. ಈ ಸಲವೂ ಹಾಗೇ ಆದರೆ ಗದ್ದೆಗೆ ಮಣ್ಣು ಹೊಡೆಸಿ ಅಡಿಕೆ ಸಸಿ ಇಡುವುದೆಂದು ಅವನು ಹೇಳಿದ್ದ, ನಾನೂ ಹೂಂ ಅಂದಿದ್ದೆ. ಆದರೆ ಅಂಗಡಿ ಅಕ್ಕಿ ಉಂಡು ಸಾಯುವ ಮನಸ್ಸು ನನಗಿರಲಿಲ್ಲ.

ತೆನೆ ಬಾಗುವ ಹೊತ್ತಿಗೆ ಚಳಿ ಹಿಡಿಯಿತು. ಒಂದು ದಿನ ಬೆಳಕು ಹರಿಯುವಾಗ ಹಂದಿಗಳು ಇಳಿದವು. ಕೈಯಿಂದ ದೂಡಿ ಏರಿಸಿಟ್ಟಿದ್ದ ಮೊದಲನೇ ತೋಟಾ ಹಾರಿತು. ಎರಡನೆಯದಕ್ಕೆ ಟ್ರಿಗರ್ ಎಳೆದರೆ ಏನೂ ಇಲ್ಲ. ತೋಟಾವನ್ನು ನಳಿಗೆಗೆ ನೂಕುವ ಬೋಲ್ಟ್ ಅರ್ಧ ದಾರಿಯಲ್ಲಿ ನಿಂತಿತ್ತು, ತೋಟಾ ಮೂತಿ ಮೇಲೆ ಮಾಡಿಕೊಂಡು ಸಿಕ್ಕಿಬಿದ್ದಿತ್ತು. ಮ್ಯಾಗಜಿನ್ ಕಳಚಿ, ಬೋಲ್ಟ್ ಎಳೆದು, ಅದನ್ನು ಉದುರಿಸುವಷ್ಟರಲ್ಲಿ ಮೂಲೆಯ ಗದ್ದೆ ಹಂದಿ ಹೊರಳಿ ಚಾಪೆಯಾಗಿತ್ತು. ಅತ್ತಿಗೆ ಕೋವಿ ತಂದದ್ದಲ್ಲ, ಊರುಗೋಲು ತಂದದ್ದು ಎಂದು ಮೈದುನ ನಕ್ಕ.

ಹಳೆ ಮಾಲು ತಂದವರು ಒಂದೊಂದೇ ನೋಡಬೇಕು. ತೋಟಾದ ದೋಷವೇನೋ ಎಂದು ಬೇರೆ ಪೆಟ್ಟಿಗೆಯದು ತುಂಬಿದೆ. ಮ್ಯಾಗಜಿನ್ ಬಿಚ್ಚಿ ಸ್ಪ್ರಿಂಗ್ ಒರೆಸಿದೆ. ಮಧ್ಯಾಹ್ನ ದರೆಗೆ ಹೊಡೆದು ನೋಡಿದರೆ ಒಂದೂ ಸಿಕ್ಕಿಕೊಳ್ಳದೆ ಎಲ್ಲ ಹಾರಿದವು. ಮಾರನೇ ಬೆಳಿಗ್ಗೆ ಮತ್ತದೇ ಕಥೆ.

ಕಮ್ಮರಡಿಯಲ್ಲಿ ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆ. ಕೋವಿ ರಿಪೇರಿಯ ಸಾಬರು ಮಧ್ಯಾಹ್ನದ ಬಿಸಿಲಿಗೆ ಕೂತು ಎಲ್ಲ ಬಿಚ್ಚಿ ನೋಡಿದರು. ಒಳಗೆ ಎಣ್ಣೆ ಚೆನ್ನಾಗಿ ಬಿಟ್ಟಿದ್ದೀರಿ ಎಂದು ಹೊಗಳಿದರು. ಬೋಲ್ಟ್ ಅವರ ಕೈಯಲ್ಲಿ ಸರಸರ ಆಡುತ್ತಿತ್ತು.

“ಇದಕ್ಕೆ ಎಂತ ರೋಗವೂ ಇಲ್ಲ ಅಮ್ಮಾ. ವಯಸ್ಸಾಯ್ತಲ್ಲ, ನಿಮ್ಮ ಕೈ ನಡುಗ್ತದೆ.”

“ನನ್ನ ಕೈ ನಡುಗೋದಾದ್ರೆ ಮೊದಲನೇ ಈಡೂ ಹಾರಬಾರದಿತ್ತಲ್ಲ ಮಾರಾಯ್ರೆ.”

ಸಾಬರು ಕೋವಿ ಜೋಡಿಸಿ ಕೊಟ್ಟರು. ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಕೋವಿ ಅದೇ, ತೋಟಾ ಅದೇ, ಕೈಯೂ ಅದೇ. ಮಧ್ಯಾಹ್ನ ಆಗುವುದು ಬೆಳಿಗ್ಗೆ ಆಗುವುದಿಲ್ಲ ಅಂದರೆ ನಡುವೆ ಇರುವುದು ಚಳಿಯೊಂದೇ.

ಮರುದಿನ ಎದ್ದವಳೇ ಕೋವಿ ಖಾಲಿ ಇದೆಯೆಂದು ಎರಡೆರಡು ಸಲ ನೋಡಿಕೊಂಡು, ಬೋಲ್ಟ್ ಎಳೆದು ಬಿಟ್ಟೆ. ಗಬ್ಬದ ಎಮ್ಮೆ ಹೆಜ್ಜೆ ಹಾಕಿದ ಹಾಗೆ ನಿಧಾನ ಮುಂದೆ ಬಂದು ನಡುವೆ ನಿಂತುಕೊಂಡಿತು. ಸಾಬರು ಬಿಚ್ಚಿದ್ದನ್ನು ನೋಡಿಕೊಂಡಿದ್ದೆ, ಹಾಗೇ ಬಿಚ್ಚಿ ಒಳಗೆ ಬೆರಳಾಡಿಸಿದರೆ ಬೆಣ್ಣೆಯಂಥ ಬಿಳಿ ಜಿಡ್ಡು, ಅದರಲ್ಲಿ ಮಸಿ ಕಲಸಿಕೊಂಡಿತ್ತು. ಮೂಸಿದೆ. ತೆಂಗಿನೆಣ್ಣೆ.

ಆಯುಧಪೂಜೆಗೆ ನಮ್ಮಲ್ಲಿ ಕತ್ತಿ, ಹಾರೆ, ಕೋವಿ ಎಲ್ಲಕ್ಕೂ ತೆಂಗಿನೆಣ್ಣೆ ಸವರಿ ಕುಂಕುಮ ಇಡುತ್ತೇವೆ. ಆ ಸಲ ಸವರಿದವನು ಮೈದುನ. ಚಳಿಗಾಲದಲ್ಲಿ ತಲೆಗೆ ಹಚ್ಚುವ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಒಲೆ ಬುಡದಲ್ಲಿಟ್ಟು ಕರಗಿಸಿಕೊಳ್ಳಬೇಕು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಕೋವಿಯ ಹೊಟ್ಟೆಯಲ್ಲೂ ಗಟ್ಟಿಯಾಗುತ್ತದೆಂದು ಯಾರಿಗೂ ಹೊಳೆಯಲಿಲ್ಲ. ಕೇಪಿನ ಕೋವಿಗೆ ಮೇಲಿಂದ ಸವರಿದರೆ ನಡೆಯುತ್ತಿತ್ತು, ಅದರೊಳಗೆ ಓಡಾಡುವ ಸಾಮಾನಿಲ್ಲ.

ಎಷ್ಟು ಬಿಟ್ಟೆ ಮಾರಾಯ ಎಂದು ಮೈದುನನನ್ನು ಕೇಳಿದೆ.

“ಒಳಗೂ ಧಾರಾಳ ಬಿಟ್ಟೆ ಅತ್ತಿಗೆ. ಹಳೇದಲ್ವಾ, ಕುಡೀಲಿ ಅಂತ.”

“ಕುಡಿದು ಮಲಗಿದೆ, ನೋಡು.”

ಆ ದಿನ ಬೇರೆ ಕೆಲಸ ಮುಟ್ಟಲಿಲ್ಲ. ಒಲೆಯಿಂದ ದೂರ, ಅಂಗಳದಲ್ಲಿ ಕೂತು ಸೀಮೆಎಣ್ಣೆಯಲ್ಲಿ ಹಳೆ ಹಲ್ಲುಜ್ಜುವ ಬ್ರಷ್ ಅದ್ದಿ ಸಂದಿಸಂದಿ ಉಜ್ಜಿದೆ. ಬಟ್ಟೆಗೆ ಜಿಡ್ಡು ಹತ್ತದಾದ ಮೇಲೆ ಒಣಗಿಸಿ, ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ಹನಿ ಬಿಟ್ಟೆ. ಮೈದುನ ಇನ್ನೊಂದು ಹನಿ ಬಿಡಿ ಎಂದ. ಬಾಟಲಿ ಎತ್ತಿ ಒಳಗಿಟ್ಟುಬಂದೆ.

ಬೆಳಿಗ್ಗೆ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಹಂದಿಗಳು ಇಳಿದವು. ಒಂದು ಈಡು ಹೊಡೆದೆ. ಎಂದಿನಂತೆ ಬೇಲಿಯ ಹತ್ತಿರ ಹೋಗಿ ನಿಂತವು. ನಿಂತಿರುವಾಗಲೇ ಎರಡನೆಯದು ಹಾರಿತು, ಬೆನ್ನಿಗೇ ಮೂರನೆಯದು. ದೊಡ್ಡ ಹಂದಿ ಮೊದಲು ತಿರುಗಿತು, ಉಳಿದವು ಅದರ ಹಿಂದೆ ಕಾಡು ಸೇರಿದವು. ಆಮೇಲೂ ಬಂದವು, ಬರದೆ ಎಲ್ಲಿಗೆ ಹೋಗುತ್ತವೆ? ಕೊಯ್ಲು ಮುಗಿಯುವವರೆಗೆ ನಾನೂ ಚಳಿಯಲ್ಲಿ ದಿನಾ ಹೋಗಿ ಕೂತೆ.

ಮೂಲೆಯ ಗದ್ದೆ ಹೋದದ್ದು ಹೋಯಿತು. ಉಳಿದದ್ದನ್ನು ಕೊಯ್ದು ಮನೆಗೆ ತಂದೆವು. ಚೀಲ ಹೊತ್ತು ತಂದು ಇಳಿಸುವಾಗ ಮೈದುನ, ಮುಂದಿನ ವರ್ಷ ಭತ್ತವೋ ಅಡಿಕೆಯೋ ನೋಡೋಣ ಅತ್ತಿಗೆ ಎಂದ.

“ನೋಡುವುದು ಎಂತದು? ಬೀಜದ ಭತ್ತ ಎತ್ತಿಟ್ಟಾಯ್ತು” ಎಂದೆ.