ಮುಳುಗಿದ ಲಾರಿಯೊಳಗೆ ಆದೆಪ್ಪ

ಸಾಲಗುಂದದ ಆದೆಪ್ಪ ಹುಟ್ಟಿದ್ದು ತುಂಗಭದ್ರೆಯ ದಂಡೆಯಲ್ಲಿ, ಹರಿಗೋಲು ನಡೆಸುವವರ ಮನೆಯಲ್ಲಿ. ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ತಂಗಿ ಗಿರಿಯಮ್ಮನನ್ನು ಬಳಗಾನೂರಿಗೆ ಕೊಟ್ಟು ತಾನೂ ಹತ್ತಿರದ ಸಾಲಗುಂದಕ್ಕೆ ಬಂದು ನೆಲೆಸಿದ. ತೂಬಿಗೆ ಸಿಕ್ಕಿಕೊಂಡ ಮರ, ಬಾವಿಗೆ ಬಿದ್ದ ಎತ್ತು, ಕಾಲುವೆಯಲ್ಲಿ ಮುಳುಗಿದ ಹೆಣ, ಏನೇ ಇದ್ದರೂ ಜನ ಅವನನ್ನೇ ಕರೆಯುತ್ತಿದ್ದರು. ಸೊಂಟಕ್ಕೊಂದು ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ದಂಡೆಯವರ ಕೈಗೆ ಕೊಟ್ಟು, ಉಸಿರು ಬಿಗಿಹಿಡಿದು ಇಳಿಯುತ್ತಿದ್ದ.

೧೯೬೭ರ ನಾಟಿಯ ಕಾಲ. ಕಾಲುವೆ ದಂಡೆಯ ಮೇಲೆ ಎರಡು ಲಾರಿಗಳು ಜಿದ್ದಿಗೆ ಬಿದ್ದು ಓಡಿದವು. ಹಿಂದಿದ್ದದ್ದು ಪಲ್ಟಿಯಾಗಿ ನೀರಿಗೆ ಬಿತ್ತು. ಅದರ ತುಂಬ ನಾಟಿಗೆ ಹೊರಟ ಬಳಗಾನೂರಿನ ಹೆಂಗಸರು.

ಆದೆಪ್ಪ ಓಡಿಬಂದಾಗ ಈಜಿ ದಡ ಸೇರಿದ ಕೆಲವರು ಕೆಸರಿನಲ್ಲಿ ಬಿದ್ದುಕೊಂಡು ಅಳುತ್ತಿದ್ದರು. ತಂಗಿಯ ಗಂಡ ದ್ಯಾವಪ್ಪ ಅವನ ತೋಳು ಹಿಡಿದ. "ಗಿರಿಯಮ್ಮ ಒಳಗ ಅದಾಳ."

ನೀರು ಬೆಚ್ಚಗಿತ್ತು, ರಾಡಿಯಾಗಿತ್ತು. ಕಣ್ಣು ಬಿಟ್ಟರೂ ಏನೂ ಕಾಣುತ್ತಿರಲಿಲ್ಲ. ಮೇಲ್ಮುಖವಾಗಿದ್ದ ಗಾಲಿ ಹಿಡಿದು ಕೆಳಗೆ ತಡಕಿದ. ಹಲಗೆಯಡಿ ಒಂದು ಕೈ ಸಿಕ್ಕಿತು. ಹಿಂದೊಮ್ಮೆ ಕುಡುಗೋಲಿಗೆ ಸಿಕ್ಕು ಮೊಂಡಾಗಿದ್ದ ಬೆರಳು ತಾಗಿದಾಗ ಯಾರೆಂದು ತಿಳಿಯಿತು. ಹಲಗೆಗೆ ಕಾಲು ಕೊಟ್ಟು ಎಳೆದ. ತಂಗಿಯ ಭುಜದ ಕೀಲು ಕಳಚಿದ್ದು ಅವನ ಕೈಗೆ ಗೊತ್ತಾಯಿತು. ಹೆಣವನ್ನು ದಂಡೆಗೆ ಹಾಕಿ ಮತ್ತೆ ಮುಳುಗಿದ.

ಈ ಸಲ ಡ್ರೈವರ್ ಕೂರುವ ಕಡೆ ನುಗ್ಗಿದ. ತಲೆಕೆಳಗಾದ ಕ್ಯಾಬಿನ್ನಿನ ಮೂಲೆಯಲ್ಲಿ ಗೇಣುದ್ದ ಗಾಳಿ ಉಳಿದಿತ್ತು. ಕತ್ತಲಲ್ಲಿ ಯಾರೋ ಏದುಸಿರು ಬಿಡುತ್ತಿದ್ದರು. ಆದೆಪ್ಪ ಕೈ ಚಾಚಿದ. ಮೀಸೆ, ಗಡ್ಡ, ಕುತ್ತಿಗೆ. ಜಿದ್ದಿಗೆ ಬಿದ್ದು ಲಾರಿ ಓಡಿಸಿದ ಡ್ರೈವರ್ ಚಾಂದ್‌ಪಾಷಾ. ಎರಡೂ ಕೈಯಿಂದ ಅವನ ಗಂಟಲು ಅದುಮಿದ. ಅದುಮುತ್ತಲೇ ಇದ್ದ. ಆ ಮನುಷ್ಯ ತಿರುಗಿ ಕೈ ಎತ್ತಲಿಲ್ಲ. ಅವನ ಕೈಗಳೆರಡೂ ಒಬ್ಬ ಹೆಂಗಸನ್ನು ನೀರಿನಿಂದ ಮೇಲೆತ್ತಿ ಹಿಡಿದಿದ್ದವು.

ಆದೆಪ್ಪನ ಹಿಡಿತ ಸಡಿಲವಾಯಿತು.

ಚಾಂದ್‌ಪಾಷಾ ಕೆಮ್ಮಿದ. "ಆಮ್ಯಾಲ ಕೊಲ್ಲು. ಮೊದ್ಲು ಈಕೀನ ಒಯ್ಯಿ. ಕೈ ಸೋತಾವ."

ಆಕೆ ನಾಟಿಗೆ ಹೊರಟಿದ್ದ ಪೀರ್‌ಬೀ. ಆದೆಪ್ಪ ಆಕೆಯನ್ನು ಹೊರಗೆ ಎಳೆದು ತಂದ. ದಂಡೆಯ ಮೇಲೆ ನೀರು ಕಕ್ಕಿ ಉಸಿರಾಡಿದಳು.

"ಡ್ರೈವರ್ ಬದುಕ್ಯಾನೇನು?" ದ್ಯಾವಪ್ಪ ಕೇಳಿದ.

"ಹ್ಞೂಂ."

"ಬಿಡು. ಅಲ್ಲೇ ಸಾಯ್ಲಿ."

ಆದೆಪ್ಪ ತಂಗಿಯ ಮುಖದ ಮೇಲಿನ ಕೆಸರು ಒರೆಸಿ, ಮತ್ತೆ ನೀರಿಗಿಳಿದ. ಚಾಂದ್‌ಪಾಷಾನ ಕಾಲು ಪೆಡಲ್ ಕೆಳಗೆ ಜಜ್ಜಿಹೋಗಿತ್ತು. ತಿರುವಿ ಎಳೆದಾಗ ಎಲುಬು ಮುರಿಯಿತು. ಅವನ ಕೂಗು ತಗಡಿಗೆ ಬಡಿದು ಆದೆಪ್ಪನ ತಲೆಯೊಳಗೆಲ್ಲ ತುಂಬಿತು.

ಇಬ್ಬರ ತಲೆ ಮೇಲೆ ಬಂದದ್ದೇ ತಡ, ದಂಡೆಯ ಮೇಲಿದ್ದವರು ಕಲ್ಲು ಬೀಸತೊಡಗಿದರು. ಒಂದು ಆದೆಪ್ಪನ ಎಡಗಿವಿಗೆ ಬಡಿದು ರಕ್ತ ಹರಿಯಿತು. ದ್ಯಾವಪ್ಪ ಹಾರೆ ಹಿಡಿದು ನೀರಿಗೆ ಹಾರಿದ. ಅವನು ಹಾರೆ ಎತ್ತುವಷ್ಟರಲ್ಲಿ ಆದೆಪ್ಪ ಅವನೆದೆಗೆ ಒದ್ದ. ಸೊಂಟದ ಹಗ್ಗ ಬಿಚ್ಚಿ ಬಿಸಾಕಿ ಡ್ರೈವರ್‌ನ ಕಿವಿಯಲ್ಲಿ ಹೇಳಿದ:

"ಉಸಿರು ಹಿಡಕೋ. ಬಿಡಬ್ಯಾಡ."

ಅವನನ್ನು ತಬ್ಬಿಕೊಂಡು ಮುಳುಗಿದ. ಸೆಳವು ಇಬ್ಬರನ್ನೂ ಸೇತುವೆಯಡಿಯಿಂದ ಒಯ್ದಿತು. ದೂರದ ಆಚೆ ದಂಡೆಯಲ್ಲಿ ಕಾಲುವೆ ಕಾಯುವ ಹಸನ್‌ಸಾಬ್ ಅವರನ್ನು ಎಳೆದುಕೊಂಡ.

ಚಾಂದ್‌ಪಾಷಾನ ಕಾಲು ಹೋಯಿತು, ಜೈಲೂ ಆಯಿತು. ಕೋರ್ಟಿನಲ್ಲಿ ಆದೆಪ್ಪ, ಜಿದ್ದಿಗೆ ಬಿದ್ದು ಲಾರಿ ಓಡಿಸಿದ್ದನ್ನೂ ಪೀರ್‌ಬೀಯನ್ನು ಎತ್ತಿ ಹಿಡಿದಿದ್ದನ್ನೂ ಇದ್ದದ್ದಿದ್ದಂತೆ ಹೇಳಿದ. ಇದಾದ ಮೇಲೆ ದ್ಯಾವಪ್ಪ ಅವನ ಮನೆ ಮೆಟ್ಟಿಲು ತುಳಿಯಲಿಲ್ಲ. ಕಲ್ಲೇಟು ಬಿದ್ದ ಆದೆಪ್ಪನ ಎಡಗಿವಿ ಕೇಳದಾಯಿತು.

ಕೆಲವು ವರ್ಷಗಳ ನಂತರ ಸಿಂಧನೂರಿನ ಸಂತೆಯಲ್ಲಿ ಪೀರ್‌ಬೀ ಸಿಕ್ಕಳು. "ಅಣ್ಣಾ, ಅವತ್ತು ಅಂವನ ಕುತ್ತಿಗಿ ಯಾಕ ಬಿಟ್ಟಿ?" ಎಂದು ಕೇಳಿದಳು.

ಆದೆಪ್ಪ ಬಲಗಿವಿ ಆಕೆಯ ಕಡೆ ತಿರುಗಿಸಿ ಇನ್ನೊಮ್ಮೆ ಹೇಳಿಸಿಕೊಂಡ.

"ಗೊತ್ತಿಲ್ಲ ತಂಗಿ," ಎಂದ. "ಗಿರಿಯಮ್ಮ ನೆನಪಾದ್ರ ಈಗೂ ಕೈ ಬಿಗೀತಾವ."