ಫಲಿತಾಂಶಕ್ಕೆ ಬಾರದವಳು

ಕಳೆದ ವಾರ ಬೇಸ್‌ಮೆಂಟ್ ಗುಡಿಸುವಾಗ ಹಳೆಯ ಫೈಲೊಂದರಿಂದ ನಾನೇ ತಯಾರಿಸಿದ್ದ ಪ್ರಶ್ನಾವಳಿ ಜಾರಿ ಬಿತ್ತು. ‘ಎಚ್‌ಐವಿ ಪರೀಕ್ಷೆಗೆ ರಕ್ತ ಕೊಟ್ಟು, ಫಲಿತಾಂಶಕ್ಕೆ ಏಕೆ ಮರಳಿ ಬರಲಿಲ್ಲ?’ ಕೆಳಗೆ ಒಂಬತ್ತು ಕಾರಣ, ಒಂಬತ್ತು ಚೌಕ. ನಿಮ್ಮ ಹಳೆಯ ಬುದ್ಧಿವಂತಿಕೆಯೂ ಹೀಗೆ ಎಂದಾದರೂ ಕೈಗೆ ಸಿಕ್ಕಿರಬಹುದು. ಓದುವಾಗ ಕಿವಿ ಬಿಸಿಯಾಗುತ್ತದೆ.

ತೊಂಬತ್ತರ ದಶಕದ ನಡುವೆ ನಾನು ಅಮೆರಿಕದಲ್ಲಿ, ನಾವಿರುವ ಊರಾದ ರಾಕ್‌ವಿಲ್‌ನ ಕಚೇರಿಯೊಂದರಲ್ಲಿ ಕೂತು ಆಫ್ರಿಕಾದ ಆಸ್ಪತ್ರೆಗಳಿಗೆ ಯೋಜನೆ ಬರೆಯುತ್ತಿದ್ದೆ. ಆಫ್ರಿಕಾ ನೋಡಿರಲಿಲ್ಲ. ಅದು ನನ್ನ ಆತ್ಮವಿಶ್ವಾಸಕ್ಕೆ ಅಡ್ಡಿಯಾದದ್ದು ನೆನಪಿಲ್ಲ. ಒಂದು ವರ್ಷ ಮಲಾವಿಯಿಂದ ಗ್ರೇಸ್ ಎಂಬ ಹಿರಿಯ ನರ್ಸ್ ಬಂದು ಎರಡು ತಿಂಗಳು ನನ್ನ ಎದುರಿನ ಮೇಜಿನಲ್ಲಿ ಕೂತಿದ್ದರು. ಅವರು ಕೇಳುತ್ತಿದ್ದದ್ದು ಒಂದೇ: ಅರ್ಧ ಗಂಟೆಯಲ್ಲಿ ಫಲಿತಾಂಶ ಹೇಳುವ ಹೊಸ ಕಿಟ್ ತಮ್ಮ ಕ್ಲಿನಿಕ್ಕಿಗೆ ಬೇಕು. ನನ್ನ ಯೋಜನೆಯಲ್ಲಿ ರಕ್ತ ರಾಜಧಾನಿಗೆ ಹೋಗಿ ಫಲಿತಾಂಶ ಬರಲು ಎರಡು ವಾರ. ಆ ಅವಧಿಯಲ್ಲಿ ಜನರ ಮನಸ್ಸು ಸಿದ್ಧವಾಗುತ್ತದೆ ಎಂದು ಒಂದು ಪುಟ ವಾದವನ್ನೂ ಹೂಡಿದ್ದೆ.

“ಎರಡು ವಾರದಲ್ಲಿ ಮನಸ್ಸು ಸಿದ್ಧವಾಗಲ್ಲ ಮೇಡಂ, ಓಡಿಹೋಗುತ್ತೆ,” ಎಂದರು ಗ್ರೇಸ್. (ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದೆ.) “ನೀವು ಟೆಸ್ಟ್ ಮಾಡಿಸಿದ್ದೀರಾ?”

“ನನಗ್ಯಾಕೆ?”

“ನಮ್ಮಲ್ಲಿ ಕ್ಲಿನಿಕ್ಕಿಗೆ ಬಾರದವರೆಲ್ಲ ಇದನ್ನೇ ಹೇಳ್ತಾರೆ.”

ಹಟಕ್ಕೆ ಬಿದ್ದು ಹೊರಟೆ. ಮನೆಯಿಂದ ಹತ್ತು ನಿಮಿಷದಲ್ಲೇ ಒಂದು ಕ್ಲಿನಿಕ್ ಇತ್ತು. ಆದರೆ ನಮ್ಮ ಕನ್ನಡ ಸಂಘದಲ್ಲಿ ಸುಮ್ಮನೆ ಕೈ ಬೀಸಿದರೂ ಒಬ್ಬ ಡಾಕ್ಟರಿಗೆ ತಗಲುತ್ತದೆ. ವೇಟಿಂಗ್ ರೂಮಿನಲ್ಲಿ ಯಾರಾದರೂ ಆಂಟಿ ಕಂಡು “ಏನಮ್ಮ, ನೀನಿಲ್ಲಿ?” ಎಂದರೆ? ಭಾನುವಾರ ಎಲ್ಲರೂ ಅಡುಗೆ ತಂದು ಹಂಚಿ ತಿನ್ನುವ ಪಾಟ್‌ಲಕ್‌ನಲ್ಲಿ ನನ್ನ ಗಂಡನ ನಡತೆ ಬಿಸಿಬೇಳೆಬಾತಿನ ಪಕ್ಕದಲ್ಲೇ ಇರುತ್ತಿತ್ತು. ಹಾಗಾಗಿ ಗಂಡನಿಗೂ ಹೇಳದೆ, ಒಂದು ಗಂಟೆ ದೂರದ ಬಾಲ್ಟಿಮೋರ್‌ವರೆಗೆ ಕಾರು ಓಡಿಸಿಕೊಂಡು ಹೋಗಿ ರಕ್ತ ಕೊಟ್ಟೆ. ಎರಡು ವಾರ ಬಿಟ್ಟು ಬನ್ನಿ ಎಂದರು.

ಹೋಗಲಿಲ್ಲ. ಹೋಗಬೇಕಾಗಿದ್ದ ದಿನ ಹಿಮ ಬಿದ್ದಿತ್ತೆಂದು ನನ್ನ ನೆನಪು. ಡೈರಿಯಲ್ಲಿ ‘ಒಳ್ಳೆಯ ಬಿಸಿಲು’ ಎಂದಿದೆ. ಮುಂದಿನ ವಾರ ಅರ್ಧ ದಾರಿ ಹೋಗಿ, ಪೆಟ್ರೋಲ್ ಹಾಕಿಸಿಕೊಂಡು ವಾಪಸು ಬಂದೆ.

ಒಪ್ಪಿಕೊಂಡಾಗ ಗ್ರೇಸ್ ನಗಲಿಲ್ಲ. ನನ್ನದೇ ಪ್ರಶ್ನಾವಳಿ ತೆಗೆದು, ಪೆನ್ನು ಹಿಡಿದು, “ಕಾರಣ?” ಎಂದರು.

“ದೂರ.”

“ಹತ್ತಿರದ್ದು ಇರಲಿಲ್ವಾ?”

“ಇತ್ತು. ಅಲ್ಲಿ ಗುರುತಿನವರು ಇರ್ತಾರೆ.”

“ನಮ್ಮ ಹೆಂಗಸರೂ ಹೀಗೇ, ಊರಿನ ಕ್ಲಿನಿಕ್ ದಾಟಿ ನಡ್ಕೊಂಡು ನಮ್ಮಲ್ಲಿಗೆ ಬರ್ತಾರೆ. ನಿಮಗೆ ಕಾರಾದರೂ ಇದೆ. ಅವರಿಗೆ ರಿಸಲ್ಟಿಗೆ ಇನ್ನೊಂದು ಸಲ ನಡೀರಿ ಅಂತೀರಲ್ಲ.” ಗುರುತಿನವರ ಭಯಕ್ಕೆ ನನ್ನ ಒಂಬತ್ತರಲ್ಲಿ ಚೌಕವೇ ಇರಲಿಲ್ಲ, ‘ದೂರ’ದ ಚೌಕದಲ್ಲಿ ಗುರುತು ಹಾಕಿದರು. ಈ ಚೌಕ ತುಂಬಿದ ಕಡೆಯೆಲ್ಲ ಇನ್ನೊಂದು ಕ್ಲಿನಿಕ್ ತೆರೆಯಿರಿ ಎಂದು ಸಲಹೆ ಬರೆದವಳು ನಾನೇ.

ವಾದದ ಪುಟವನ್ನು ಹೊಡೆದುಹಾಕಿ ‘ಫಲಿತಾಂಶ ಅದೇ ದಿನ’ ಎಂದು ಬರೆದೆ. ಆಧಾರಕ್ಕೆ ಒಂದು ಪ್ಯಾರಾ ಸೇರಿಸಿದೆ: ಒಬ್ಬ ಮಹಿಳೆ, ಓದಿದವಳು, ಸ್ವಂತ ವಾಹನವುಳ್ಳವಳು, ರೋಗದ ಬಗ್ಗೆ ಎಲ್ಲ ಬಲ್ಲವಳು, ಆದರೂ ಫಲಿತಾಂಶಕ್ಕೆ ಬರಲಿಲ್ಲ. ಮೀಟಿಂಗಿನಲ್ಲಿ ನಮ್ಮ ಬಾಸ್ ಅಲ್ಲೇ ಬೆರಳಿಟ್ಟರು. “ಈಕೆ ಯಾವ ಊರಿನವಳು? ನಿಜವಾಗಿ ಇದ್ದರೆ ನಾನು ಸಹಿ ಹಾಕ್ತೀನಿ.”

ಗ್ರೇಸ್ ಕಿಟಕಿಯ ಹೊರಗೆ ನೋಡತೊಡಗಿದರು. ಅವರ ಕ್ಲಿನಿಕ್ಕಿನ ಗತಿ ನನ್ನ ಒಂದು ಮಾತಿನಲ್ಲಿ ನಿಂತಿತ್ತು.

“ರಾಕ್‌ವಿಲ್,” ಎಂದೆ. ಗಟ್ಟಿಯಾಗಿ ಹೇಳಿದೆನೆಂದು ಬರೆಯುವ ಆಸೆ. ಡೈರಿ ಬಿಡುವುದಿಲ್ಲ: ‘ಎರಡು ಸಲ ಹೇಳಬೇಕಾಯಿತು. ಮೊದಲನೆಯದು ಯಾರಿಗೂ ಕೇಳಿಸಲಿಲ್ಲ.’ ಕಿಟ್‌ಗಳು ಮಲಾವಿಗೆ ಹೋದವು.

ಅಷ್ಟು ಜನರ ಎದುರು ಹೇಳಿದ್ದನ್ನು ಮನೆಯಲ್ಲಿ ಒಬ್ಬರಿಗೆ ಹೇಳಲು ನನಗೆ ಸುಮಾರು ಮೂವತ್ತು ವರ್ಷ ಬೇಕಾಯಿತು. ಇವತ್ತು ಬೆಳಗ್ಗೆ ಕಾಫಿ ಕೊಟ್ಟು ಗಂಡನಿಗೆ ಹೇಳಿದೆ.

“ನನ್ ಮೇಲೆ ಡೌಟಿತ್ತಾ?”

“ಇಲ್ಲ. ನೀವು ಹೀಗೆ ಕೇಳ್ತೀರಲ್ಲ ಅಂತ ಭಯ ಇತ್ತು.”

ಅವರು ನಿಧಾನವಾಗಿ ಕಾಫಿ ಮುಗಿಸಿದರು. “ಸರಿ, ರಿಸಲ್ಟ್ ಏನ್ ಬಂತು?”

“ತಂದೇ ಇಲ್ಲ.”

“ಇನ್ನೂ?” ಎಂದು ಲೋಟ ಕೆಳಗಿಟ್ಟರು. “ನಾಳೆ ಇಬ್ರೂ ಕೊಟ್ಟು, ಅಲ್ಲೇ ಕೂತು, ತಗೊಂಡೇ ಬರೋಣ. ಇಲ್ಲೇ, ಹತ್ರದ್ದಕ್ಕೇ.”

“ಅಲ್ಲಿ ಯಾರಾದ್ರೂ ಸಿಕ್ಕಿದ್ರೆ?”

“ಅವ್ರೂ ಅದಕ್ಕೇ ಬಂದಿರ್ತಾರೆ ಬಿಡೇ,” ಎಂದರು.